ಮೇವು ಕೊಟ್ಟ ಮರುದಿನ

ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದ ಕೆರೆ ಏರಿಯ ಮೇಲೆ ನಿಂತರೆ ಕಣ್ಣು ಹಾಯಿಸಿದಷ್ಟೂ ಅಡಿಕೆ ತೋಟ. ಊರಿನ ಹೆಸರೆತ್ತಿದರೆ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಅಡಿಕೆ ವ್ಯಾಪಾರ, ಆಮೇಲೆ ಕೆರೆ, ಆಮೇಲೆ ಅದಿರು ಲಾರಿಗಳ ಧೂಳು. ಅನಾಥ ಪ್ರಾಣಿಗಳ ಆರೈಕೆಯ ಮಾತು ಬಂದಾಗ ಈ ಊರನ್ನು ಯಾರೂ ಹೆಸರಿಸುವುದಿಲ್ಲ. ಆದರೂ ಆ ಮಾತನ್ನು ಇಂಥ ಊರಿನಿಂದಲೇ ಶುರು ಮಾಡುವುದು ಸರಿ ಎಂದು ನನಗನ್ನಿಸುತ್ತದೆ. ರಾಗಿ, ಜೋಳದ ಹೊಲ ಮನುಷ್ಯರಿಗೆ ಕಾಳು ಕೊಟ್ಟು ದನಕ್ಕೆ ಹುಲ್ಲು ಕೊಡುತ್ತಿತ್ತು. ಅಡಿಕೆ ದುಡ್ಡು ಕೊಡುತ್ತದೆ, ಬಣವೆ ಕೊಡುವುದಿಲ್ಲ. ಬಣವೆ ಕರಗಿದ ಹಿತ್ತಿಲಲ್ಲಿ ಜೋಡಿ ಎತ್ತು ನಿಲ್ಲುವುದಿಲ್ಲ; ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ, ಗೊಬ್ಬರ ಲಾರಿಯಲ್ಲಿ ಬರುತ್ತದೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ತೋಟದ ಹಳ್ಳಿಗಳಲ್ಲೂ ಇದೇ ಕಥೆ. ಹೀಗೆ ಕೆಲಸ ಕಳೆದುಕೊಂಡ ಪ್ರಾಣಿ ಎಲ್ಲಿಗೆ ಹೋಗುತ್ತದೆ, ಅಲ್ಲಿ ಅದನ್ನು ಯಾರು ನೋಡಿಕೊಳ್ಳುತ್ತಾರೆ, ಹೇಗೆ ನೋಡಿಕೊಳ್ಳುತ್ತಾರೆ?

ಮೊದಲ ಎರಡು ಪ್ರಶ್ನೆಗಳ ಮೇಲೆ ಸಾಕಷ್ಟು ಭಾಷಣಗಳಾಗಿವೆ. ರಾಜ್ಯದ ಗೋಹತ್ಯೆ ನಿಷೇಧ ಕಾಯ್ದೆ 2020ರದ್ದು. 2021ರ ಜನವರಿಯಿಂದ ಜಾರಿಯಲ್ಲಿದೆ. ಅದರ ಸರಿತಪ್ಪಿನ ಚರ್ಚೆ ಇಲ್ಲಿ ಬೇಡ. ಮುದಿ ಎತ್ತು, ಬರಡು ಹಸು, ಮಿಶ್ರತಳಿಯ ಗಂಡು ಕರುಗಳಿಗೆ ಇದ್ದ ಮಾರುಕಟ್ಟೆ ಮುಚ್ಚಿದ ಮೇಲೆ ಗೋಶಾಲೆಯ ಮೇಲಿನ ಹೊರೆ ಹೆಚ್ಚಿತು ಎಂಬುದಷ್ಟೇ ನಮಗೆ ಮುಖ್ಯ. ಮೂರನೆಯ ಪ್ರಶ್ನೆ, ‘ಹೇಗೆ’ ಎಂಬುದನ್ನು, ಕೇಳುವವರು ಕಡಿಮೆ. ಪ್ರಾಣಿ ಬದುಕಿದೆ, ಎದುರಿಗೆ ಒಂದಿಷ್ಟು ಹುಲ್ಲಿದೆ ಅಂದರೆ ಆರೈಕೆ ನಡೆದಿದೆ ಎಂದು ಒಪ್ಪಿಕೊಂಡುಬಿಡುತ್ತೇವೆ.

ಕೆಲಸ ಕಳೆದುಕೊಳ್ಳುವ ಗತಿ ಕುದುರೆಗೆ ಎತ್ತಿಗಿಂತ ಮೊದಲೇ ಬಂದಿತು. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿದ್ದ ಕುದುರೆ ಮತ್ತು ತಟ್ಟುಗಳು ಸುಮಾರು 6.25 ಲಕ್ಷ, 2019ರಲ್ಲಿ 3.4 ಲಕ್ಷ. ಕತ್ತೆಗಳ ಸಂಖ್ಯೆ ಇದೇ ಅವಧಿಯಲ್ಲಿ ಶೇ 61ರಷ್ಟು ಕುಸಿದು 1.2 ಲಕ್ಷಕ್ಕೆ ಇಳಿಯಿತು. ಇಷ್ಟು ವೇಗವಾಗಿ ಕರಗಿದ ಸಾಕುಪ್ರಾಣಿ ನಮ್ಮಲ್ಲಿ ಬೇರೆ ಯಾವುದಿದೆಯೋ ಕಾಣೆ. ಚಿತ್ರದುರ್ಗದ ಕಡೆ ಕುದುರೆ ಇವತ್ತು ಉಳಿದಿರುವುದು ಮದುವೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ. ಮೈಸೂರಿನಲ್ಲಿ ಟಾಂಗಾಗಳಿವೆ. ಬೆಂಗಳೂರಿನಲ್ಲಿ ಓಟ ಮುಗಿಸಿದ ರೇಸ್ ಕುದುರೆಗಳ ಪ್ರಶ್ನೆಯಿದೆ. ಇನ್ನೊಂದು ಕಡೆಯೂ ಕುದುರೆ ನಮಗಾಗಿ ದುಡಿಯುತ್ತಿದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ತೋಟದಲ್ಲಿ ಹಾವು ಕಚ್ಚಿಸಿಕೊಂಡವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಚುಚ್ಚುವ ಪ್ರತಿವಿಷ ತಯಾರಾಗುವುದು ಕುದುರೆಯ ರಕ್ತದಿಂದ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷವನ್ನು ಸ್ವಲ್ಪಸ್ವಲ್ಪವಾಗಿ ಕುದುರೆಗೆ ಕೊಟ್ಟು, ಅದರ ಮೈ ತಯಾರಿಸುವ ಪ್ರತಿಕಾಯವನ್ನು ತೆಗೆದು ಶುದ್ಧ ಮಾಡುತ್ತಾರೆ. ಅಡಿಕೆ ತೋಟದ ಕೂಲಿಯವರ ಜೀವ ಎಷ್ಟೋ ಸಲ ಹೀಗೆ ಉಳಿದಿದೆ.

ಕುದುರೆಗಳಿಗಾಗಿಯೇ ಆಶ್ರಯ ಕಟ್ಟುವ ಕೆಲಸಕ್ಕೆ ಜಗತ್ತಿನಲ್ಲಿ ಒಳ್ಳೆಯ ಇತಿಹಾಸವಿದೆ. ಮೊದಲ ಮಹಾಯುದ್ಧದಲ್ಲಿ ದುಡಿದ ಬ್ರಿಟಿಷ್ ಸೈನ್ಯದ ಕುದುರೆಗಳನ್ನು ಯುದ್ಧ ಮುಗಿದ ಮೇಲೆ ಈಜಿಪ್ಟಿನಲ್ಲಿಯೇ ಮಾರಿ ಹೋಗಿದ್ದರು. ಮುದಿಯಾಗಿ, ಮೂಳೆ ಚಕ್ಕಳವಾಗಿ ಕೈರೋದ ಬೀದಿಗಳಲ್ಲಿ ಗಾಡಿ ಎಳೆಯುತ್ತಿದ್ದ ಅವನ್ನು ಕಂಡ ಡೊರೊಥಿ ಬ್ರೂಕ್ 1934ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಅದರಿಂದ ಬೆಳೆದ ಬ್ರೂಕ್ ಸಂಸ್ಥೆ ಭಾರತದಲ್ಲಿ ಇಟ್ಟಿಗೆ ಭಟ್ಟಿಗಳ ಕುದುರೆ, ಹೇಸರಗತ್ತೆಗಳ ನಡುವೆ ಕೆಲಸ ಮಾಡುತ್ತದೆ. ನಮಗೆ ಹತ್ತಿರದ್ದು ಬೇಕೆಂದರೆ ಬಂಡೀಪುರ ದಾಟಿ ಮಸಿನಗುಡಿಯ ಬಳಿಯ ಮಾವನಹಳ್ಳಕ್ಕೆ ಹೋಗಬೇಕು. ಅಲ್ಲಿ ಇಂಡಿಯಾ ಪ್ರಾಜೆಕ್ಟ್ ಫಾರ್ ಅನಿಮಲ್ಸ್ ಅಂಡ್ ನೇಚರ್ ನಡೆಸುವ ಆಶ್ರಯದಲ್ಲಿ ಕುದುರೆ, ತಟ್ಟು, ಕತ್ತೆಗಳಿವೆ. ಬೆಂಗಳೂರಿನಲ್ಲಿ 1991ರಿಂದ ‘ಕ್ಯೂಪಾ’ ಸಂಸ್ಥೆ ಇದೆ; ಬೀದಿನಾಯಿಯಿಂದ ಹಿಡಿದು ಗಾಡಿ ಕುದುರೆಯವರೆಗೆ ಅದರ ಕೆಲಸ ಹರಡಿದೆ. ಇಂಥ ಕಡೆಗಳಿಗೆ ಸ್ವಯಂಸೇವಕರಾಗಿ ಹೋಗುವವರಲ್ಲಿ ಹೆಚ್ಚಿನವರು ನಗರದ ಹುಡುಗ ಹುಡುಗಿಯರು. ಕುದುರೆಯ ಮೈ ತಿಕ್ಕಬೇಕು, ಫೋಟೊ ತೆಗೆಸಿಕೊಳ್ಳಬೇಕು, ಕೈಯಾರೆ ತಿನ್ನಿಸಬೇಕು ಎಂಬ ಆಸೆ ಅವರದು. ಅದರಲ್ಲಿ ತಪ್ಪೇನಿಲ್ಲ. ತೊಂದರೆ ಶುರುವಾಗುವುದು ಆ ‘ತಿನ್ನಿಸಬೇಕು’ ಎಂಬಲ್ಲಿ.

ವಾರಗಟ್ಟಲೆ ಉಪವಾಸ ಬಿದ್ದ ಕುದುರೆಯನ್ನು ಯಾರೋ ಹಿಡಿದು ತಂದರು ಅನ್ನಿ. ಪಕ್ಕೆಲುಬು ಎಣಿಸಬಹುದು, ಬಾಲದ ಬುಡದಲ್ಲಿ ಗುಂಡಿ ಬಿದ್ದಿದೆ. ನಮ್ಮ ಸೀಮೆಯ ಯಾರ ಮನಸ್ಸಿಗಾದರೂ ಮೊದಲು ಬರುವುದು ಹುರುಳಿ. ಹುರುಳಿ ಬೇಯಿಸಿ, ಬೆಲ್ಲ ಹಾಕಿ ಬುಟ್ಟಿ ತುಂಬ ಇಟ್ಟರೆ ಮೂರು ದಿನದಲ್ಲಿ ಚೇತರಿಸಿಕೊಳ್ಳುತ್ತದೆ ಎಂಬ ನಂಬಿಕೆ. ಆ ಬುಟ್ಟಿಯೇ ಅದನ್ನು ಕೊಲ್ಲಬಹುದು. ದೀರ್ಘ ಉಪವಾಸದ ದೇಹಕ್ಕೆ ಪಿಷ್ಟ, ಸಕ್ಕರೆ ಒಮ್ಮೆಲೇ ಬಿದ್ದಾಗ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಅಳಿದುಳಿದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಕ್ಕೆ ನುಗ್ಗಿ ರಕ್ತ ಬರಿದಾಗುತ್ತದೆ. ಕೆಲವೇ ದಿನಗಳಲ್ಲಿ ಹೃದಯ, ಶ್ವಾಸಕೋಶ ಕೈಕೊಡುತ್ತವೆ. ಎರಡನೆಯ ಮಹಾಯುದ್ಧದ ಸೆರೆಶಿಬಿರಗಳಿಂದ ಬಿಡುಗಡೆಯಾದ ಮನುಷ್ಯರಲ್ಲೂ ವೈದ್ಯರು ಇದನ್ನೇ ಕಂಡಿದ್ದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯವರು ಹಸಿದ ಕುದುರೆಗಳ ಮೇಲೆ ಬೇರೆಬೇರೆ ಮೇವು ಪ್ರಯೋಗಿಸಿ ಕಂಡುಕೊಂಡದ್ದು ಸರಳವಾಗಿದೆ: ಪಿಷ್ಟ ಕಡಿಮೆ, ಸಸಾರಜನಕ ಮತ್ತು ಖನಿಜ ಹೆಚ್ಚು ಇರುವ ಒಣಗಿಸಿದ ಲೂಸರ್ನ್, ನಮ್ಮ ರೈತರು ಕುದುರೆಮಸಾಲೆ ಸೊಪ್ಪು ಎನ್ನುವುದನ್ನು, ನಾಲ್ಕು ತಾಸಿಗೊಮ್ಮೆ ಚೂರುಚೂರೇ ಕೊಡಬೇಕು, ಸುಮಾರು ಹತ್ತು ದಿನಗಳಲ್ಲಿ ನಿಧಾನವಾಗಿ ಏರಿಸಬೇಕು. ಅಂದರೆ ರಾತ್ರಿ ಎರಡು ಗಂಟೆಗೂ ಯಾರಾದರೂ ಎದ್ದು ಒಂದು ಹಿಡಿ ಸೊಪ್ಪು ಹಾಕಬೇಕು. ಸ್ವಯಂಸೇವೆ ನಿಜವಾಗಿ ಬೇಕಾಗಿರುವುದು ಆ ಹೊತ್ತಿನಲ್ಲಿ.

ಎಷ್ಟು ಕೊಡಬೇಕು ಎಂದು ತಿಳಿಯಲು ತೂಕ ಬೇಕು. ತೂಕದ ಯಂತ್ರ ಎಲ್ಲ ಕಡೆ ಇರುವುದಿಲ್ಲ. ದರ್ಜಿಯ ಟೇಪು ಇದ್ದರೆ ಸಾಕು. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಹೆಗಲಿನ ತುದಿಯಿಂದ ಪೃಷ್ಠದವರೆಗಿನ ಉದ್ದದಿಂದ ಮತ್ತೆ ಗುಣಿಸಿ, ಬಂದದ್ದನ್ನು 11,880ರಿಂದ ಭಾಗಿಸಿದರೆ ಕೆ.ಜಿ. ಲೆಕ್ಕ ಸಿಗುತ್ತದೆ. ಸುತ್ತಳತೆ 150 ಸೆಂ.ಮೀ., ಉದ್ದ 140 ಇರುವ ನಾಡತಟ್ಟು ಸುಮಾರು 265 ಕೆ.ಜಿ. ತೂಗುತ್ತದೆ. ಅದಕ್ಕೆ ದಿನಕ್ಕೆ ಮೈತೂಕದ ಶೇ ಒಂದೂವರೆಯಿಂದ ಎರಡರಷ್ಟು, ಅಂದರೆ ನಾಲ್ಕರಿಂದ ಐದು ಕೆ.ಜಿ. ಚಿಲ್ಲರೆ ಒಣಮೇವು ಬೇಕು. ನೀರು ಬೇಸಿಗೆಯಲ್ಲಿ 25 ಲೀಟರಿಗಿಂತ ಕಡಿಮೆಯಾಗಬಾರದು. ಮೈ ತುಂಬಿದೆಯೋ ಇಲ್ಲವೋ ಎಂಬುದನ್ನು ಅಂದಾಜಿಗೆ ಬಿಡದೆ ಕೈಯಿಂದ ಮುಟ್ಟಿ ಅಂಕ ಕೊಡುವ ಪದ್ಧತಿಯನ್ನು ಅಮೆರಿಕದ ಟೆಕ್ಸಾಸಿನಲ್ಲಿ ಹೆನೆಕ್ ಮತ್ತು ಸಂಗಡಿಗರು 1983ರಲ್ಲಿ ರೂಪಿಸಿದರು. ಕುತ್ತಿಗೆ, ಹೆಗಲು, ಪಕ್ಕೆ, ಬೆನ್ನು, ಬಾಲದ ಬುಡ ಮುಟ್ಟಿ ಒಂದರಿಂದ ಒಂಬತ್ತರವರೆಗೆ ಅಂಕ. ನಾಲ್ಕು, ಐದು ಬಂದರೆ ನೆಮ್ಮದಿ. ಈ ಅಂಕವನ್ನು ಹದಿನೈದು ದಿನಕ್ಕೊಮ್ಮೆ ಪುಸ್ತಕದಲ್ಲಿ ಬರೆಯುವುದಕ್ಕೆ ಪಶುವೈದ್ಯರೇ ಬೇಕಿಲ್ಲ. ಓದು ಬಲ್ಲ, ತಪ್ಪದೆ ಬರುವ ಒಬ್ಬರು ಸಾಕು.

ದಾನಕ್ಕೆ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎಂದು ಗಾದೆ. ಆಶ್ರಯಕ್ಕೆ ಬಂದ ಕುದುರೆಯದನ್ನು ಎಣಿಸಲೇಬೇಕು. ಅದರ ಹಲ್ಲು ಜೀವಮಾನವೆಲ್ಲ ಬೆಳೆದು ಸವೆಯುತ್ತಿರುತ್ತದೆ. ಸವೆತ ಓರೆಯಾದರೆ ಅಂಚು ಚೂಪಾಗಿ ಕೆನ್ನೆಯ ಒಳಗೆ ಗಾಯ. ಆಗ ಅದು ಮೇವು ಅಗಿದಂತೆ ಮಾಡಿ ಉಂಡೆ ಕಟ್ಟಿ ಉಗುಳುತ್ತದೆ. ಗೋದಲಿಯ ಕೆಳಗೆ ಅಂಥ ಒದ್ದೆ ಉಂಡೆಗಳು ಬಿದ್ದಿದ್ದರೆ ಎಷ್ಟು ಹುಲ್ಲು ಸುರಿದರೂ ಕುದುರೆ ಸೊರಗುತ್ತದೆ. ಬೇಕಾಗಿರುವುದು ಅರ ಹಿಡಿದು ಹಲ್ಲು ಉಜ್ಜುವ ಪಶುವೈದ್ಯರು. ಕತ್ತೆಯದು ಇನ್ನೊಂದು ಬಗೆ. ನೋವನ್ನು ತೋರಿಸಿಕೊಳ್ಳುವುದಿಲ್ಲ, ಸುಮ್ಮನೆ ನಿಂತಿರುತ್ತದೆ. ಎರಡು ದಿನ ಮೇವು ಬಿಟ್ಟರೆ ಮೈಯ ಕೊಬ್ಬು ರಕ್ತಕ್ಕಿಳಿದು ಪಿತ್ತಜನಕಾಂಗ ಕೆಡುತ್ತದೆ. ‘ಪಾಪ, ಸಾಧು ಪ್ರಾಣಿ’ ಎಂದು ನಾವು ಮೆಚ್ಚಿಕೊಳ್ಳುವಾಗ ಅದು ಸಾಯುತ್ತಿರಬಹುದು.

ಇನ್ನು ಗೊರಸಿನ ಮಾತು. ಮೆರವಣಿಗೆಗೆ ಬಾಡಿಗೆ ಹೋಗುತ್ತಿದ್ದ ಬಿಳಿ ತಟ್ಟುವೊಂದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೆ. ಕಟ್ಟಿಹಾಕಿಯೇ ಇದ್ದದ್ದರಿಂದ ಮುಂಗಾಲಿನ ಗೊರಸು ಬೆಳೆದು ಮೊರದ ತುದಿಯ ಹಾಗೆ ಮೇಲಕ್ಕೆ ಬಾಗಿತ್ತು. ಅದು ಹಿಮ್ಮಡಿಯ ಮೇಲೆ ಭಾರ ಬಿಟ್ಟು ಹಿಂದಕ್ಕೆ ವಾಲಿ ನಿಲ್ಲುತ್ತಿತ್ತು. ಲಾಳ ಹೊಡೆಯುವ ಮುದುಕರು ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು ಗೊರಸಿನ ಅಡಿಯನ್ನು ಕೆರೆದರು. ಕಪ್ಪು ಕೊಳೆತ ಮಣ್ಣು, ಅದರ ಹಿಂದೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಇಕ್ಕಳದಲ್ಲಿ ತುದಿಯನ್ನು ಒಂದಿಷ್ಟೇ ಕತ್ತರಿಸಿ, ಅರ ಉಜ್ಜಿ, ಕಾಲು ಬಿಟ್ಟುಬಿಟ್ಟರು. ಉಳಿದದ್ದು ಮುಂದಿನ ತಿಂಗಳಿಗೆ. ಒಂದೇ ದಿನ ಸರಿ ಮಾಡಿದರೆ ಬಾಗಿದ ಕೋನಕ್ಕೆ ಒಗ್ಗಿಹೋದ ನರಗಳು ಎಳೆದುಕೊಂಡು ಕಾಲೇ ಕೆಡುತ್ತದೆಯಂತೆ. ಆರರಿಂದ ಎಂಟು ವಾರಕ್ಕೊಮ್ಮೆ ಆಗಬೇಕಾದ ಕೆಲಸ ಇದು. ಹೊಳಲ್ಕೆರೆ, ಹೊಸದುರ್ಗದ ಸಂತೆಗಳಲ್ಲಿ ಎತ್ತಿಗೆ ಲಾಳ ಕಟ್ಟುವವರೇ ಈಗ ಅಪರೂಪ. ಕುದುರೆಯ ಗೊರಸು ಬಲ್ಲವರನ್ನು ಹುಡುಕುವುದು ದೂರದ ಮಾತು. ದಾನಿಗಳು ತಗಡಿನ ಛಾವಣಿಗೆ ಹಣ ಕೊಡುತ್ತಾರೆ, ಬೋರ್ಡಿಗೆ ಕೊಡುತ್ತಾರೆ. ಒಬ್ಬ ಹುಡುಗನನ್ನು ಲಾಳದ ಕೆಲಸ ಕಲಿಯಲು ಕಳಿಸಿದ ದಾನಿಯನ್ನು ನಾನಿನ್ನೂ ಕಂಡಿಲ್ಲ.

ಇಷ್ಟೆಲ್ಲ ಹೊರಗಿನಿಂದ ಕಲಿಯಬೇಕಾದದ್ದು. ಆದರೆ ಪ್ರಾಣಿ ಆರೈಕೆಯ ವಿಷಯದಲ್ಲಿ ಚಿತ್ರದುರ್ಗ ಬರಿಗೈಯ ಜಿಲ್ಲೆಯಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರು, ಹಿರಿಯೂರಿನವರೆಗೂ ಹಬ್ಬಿರುವ ಕಾಡುಗೊಲ್ಲರು ತಮ್ಮ ದೇವರುಗಳ ಹೆಸರಿನಲ್ಲಿ ದನಗಳ ಹಿಂಡನ್ನು ಸಾಕಿಕೊಂಡು ಬಂದಿದ್ದಾರೆ. ಅವೇ ದೇವರ ಎತ್ತುಗಳು. ಅವಕ್ಕೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಅವನ್ನು ಕಾಯುವವರು ಕಿಲಾರಿಗಳು. ಹಿಂಡಿನ ಜೊತೆಯೇ ಊಟ, ನಿದ್ದೆ, ಅಲೆದಾಟ. ಇದನ್ನು ನಂಬಿಕೆ, ಆಚರಣೆ ಎಂದು ಜಾನಪದದ ಪುಸ್ತಕಗಳಲ್ಲಿ ಬರೆದಿಟ್ಟಿದ್ದೇವೆ. ಕಸುಬಿನ ದೃಷ್ಟಿಯಿಂದ ನೋಡಿದ್ದು ಕಡಿಮೆ. ದುಡಿಮೆಯಿಂದಲೂ ಮಾರಾಟದಿಂದಲೂ ಹೊರಗಿಟ್ಟ ಪ್ರಾಣಿಯನ್ನು ಸಾಯುವತನಕ ನೋಡಿಕೊಳ್ಳುವ ವ್ಯವಸ್ಥೆಗೇ ಇವತ್ತು ನಾವು ಆಶ್ರಯಧಾಮ ಎಂಬ ಹೊಸ ಹೆಸರಿಟ್ಟಿರುವುದು. ಬೆಳಿಗ್ಗೆ ಹಿಂಡು ಬಿಚ್ಚುವ ಮೊದಲು ಕಿಲಾರಿಯ ಕಣ್ಣು ಸಗಣಿಯ ಮೇಲೆ ಹೋಗುತ್ತದೆ: ಗಟ್ಟಿಯೋ, ನೀರೋ, ಹುಳು ಬಿದ್ದಿದೆಯೋ. ಆಮೇಲೆ ಮೂಗಿನ ಪಸೆ, ಕಿವಿ ಜೋತಿದೆಯೋ ನಿಂತಿದೆಯೋ, ಮೆಲುಕು ಹಾಕುತ್ತಿಲ್ಲದ್ದು ಯಾವುದು, ಹಿಂಡಿನಿಂದ ಹಿಂದೆ ಬೀಳುವುದು ಯಾವುದು. ಪಶುವೈದ್ಯ ಕಾಲೇಜಿನಲ್ಲಿ ಮೊದಲ ಪರೀಕ್ಷೆ ಎಂದು ಹೇಳಿಕೊಡುವುದೂ ಹೆಚ್ಚುಕಡಿಮೆ ಇದನ್ನೇ. ಗೋಶಾಲೆಗಳು ಕೆಲಸಕ್ಕೆ ಜನ ಹುಡುಕುವಾಗ ಕಿಲಾರಿ ಮನೆತನದ ಹುಡುಗರನ್ನು ದಿನಗೂಲಿಗೆ ಸಗಣಿ ಬಾಚಲು ಕರೆಯುತ್ತವೆಯೇ ಹೊರತು ಹಿಂಡಿನ ಉಸ್ತುವಾರಿ ಕೊಟ್ಟದ್ದನ್ನು ನಾನು ಕೇಳಿಲ್ಲ.

ಸತತ ಬರದ ವರ್ಷಗಳಲ್ಲಿ ದೇವರ ಎತ್ತುಗಳೂ ಮೇವಿಲ್ಲದೆ ಬಿದ್ದವು. ಪತ್ರಿಕೆಗಳಲ್ಲಿ ಸುದ್ದಿಯಾಯಿತು; ಸಂಘ ಸಂಸ್ಥೆಗಳು, ದೂರದ ಊರಿನವರು ಲಾರಿಯಲ್ಲಿ ಹುಲ್ಲು ಕಳಿಸಿದರು. ಒಳ್ಳೆಯ ಕೆಲಸವೇ. 2022ರಲ್ಲಿ ಮಳೆ ಚೆನ್ನಾಗಿ ಬಿದ್ದು, 1933ರ ನಂತರ ಮೊದಲ ಸಲ ಮಾರಿಕಣಿವೆ ಜಲಾಶಯ ಕೋಡಿ ಬಿದ್ದಾಗ ಇಡೀ ಜಿಲ್ಲೆ ನೋಡಲು ಹೋಯಿತು. ಆ ಹೊತ್ತಿಗೆ ಹುಲ್ಲಿನ ಲಾರಿ ಮರೆತುಹೋಗಿತ್ತು. ಮಳೆ ಬಂದರೂ ಮೇಯಲು ನೆಲ ಬೇಕು, ಅಲ್ಲಿ ನಮ್ಮ ಕಥೆ ಇನ್ನೂ ಸಂಕಟದ್ದು.

ಮೈಸೂರು ಅರಸರ ಕಾಲದ ಜಾನುವಾರು ಇಲಾಖೆ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ಇಲಾಖೆಯ ಜಾಣತನ ಇದ್ದದ್ದು ಕಾವಲುಗಳ, ಅಂದರೆ ಹುಲ್ಲುಗಾವಲುಗಳ, ವಿಂಗಡಣೆಯಲ್ಲಿ: ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು. ಕೆರೆಯಂಗಳ, ನೆರಳು ಇರುವ ಕಾವಲನ್ನು ಬೇಸಿಗೆಗೆ ಮೀಸಲಿಟ್ಟು ಹಿಂಡನ್ನು ಋತುವಿಗೆ ತಕ್ಕಂತೆ ಸರಿಸುತ್ತಿದ್ದರು. ಬ್ರಿಟಿಷ್ ಆಡಳಿತ ಖರ್ಚು ಉಳಿಸಲು 1860ರಲ್ಲಿ ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿತು. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಹೊಸದುರ್ಗದ ಗಡಿಗೆ ಅಂಟಿಕೊಂಡ ಅಜ್ಜಂಪುರದಲ್ಲಿ 1929ರಿಂದ ಇರುವ ತಳಿ ಸಂವರ್ಧನಾ ಕೇಂದ್ರ ಆ ಪರಂಪರೆಯ ಉಳಿಕೆ. ಇನ್ನು ಚಳ್ಳಕೆರೆಯ ಕಾವಲಿನಲ್ಲಿ ಸುಮಾರು 10,000 ಎಕರೆಯಷ್ಟು ನೆಲ ಕಳೆದ ದಶಕದ ಹೊತ್ತಿಗೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊಗಳ ಪಾಲಾಯಿತು, ಬೇಲಿ ಬಿದ್ದಿತು, ಹಸಿರು ನ್ಯಾಯಮಂಡಳಿಯವರೆಗೂ ವ್ಯಾಜ್ಯ ಹೋಯಿತು. ವಿಜ್ಞಾನ ಬೇಡ ಎನ್ನುವುದು ನನ್ನ ವಾದವಲ್ಲ. ಮೇಯುವ ನೆಲ ಕೊಟ್ಟುಬಿಟ್ಟು ಗೋಶಾಲೆಗೆ ಅನುದಾನ ಘೋಷಿಸುವ ಲೆಕ್ಕಾಚಾರ ನನಗೆ ಅರ್ಥವಾಗಿಲ್ಲ. ಕಟ್ಟಿ ಮೇಯಿಸುವ ದನಕ್ಕೆ ಪ್ರತಿ ಹಿಡಿ ಹುಲ್ಲನ್ನೂ ಕೊಂಡು ತರಬೇಕು.

ಅದಕ್ಕೆ ಎಷ್ಟು ಹಣ? 2022ರಲ್ಲಿ ಸರ್ಕಾರ ಪುಣ್ಯಕೋಟಿ ದತ್ತು ಯೋಜನೆ ತಂದಿತು. ವರ್ಷಕ್ಕೆ 11,000 ರೂಪಾಯಿ ಕೊಟ್ಟರೆ ಒಂದು ರಾಸನ್ನು ದತ್ತು ಪಡೆಯಬಹುದು. ಸರ್ಕಾರಿ ನೌಕರರ ಸಂಬಳದಿಂದ ‘ಎ’ ದರ್ಜೆಗೆ 11,000, ‘ಬಿ’ಗೆ 4,000, ‘ಸಿ’ಗೆ 400 ರೂಪಾಯಿಯಂತೆ ವಂತಿಗೆಯನ್ನೂ ಗೊತ್ತು ಮಾಡಲಾಯಿತು. 11,000ವನ್ನು 365ರಿಂದ ಭಾಗಿಸಿ ನೋಡಿ, ದಿನಕ್ಕೆ 30 ರೂಪಾಯಿ. ಬರಗಾಲದ ಜಾನುವಾರು ಶಿಬಿರಗಳಿಗೆ ವಿಪತ್ತು ಪರಿಹಾರ ನಿಧಿಯಲ್ಲಿ 2022ರಲ್ಲಿ ಗೊತ್ತು ಮಾಡಿದ ದರ ದೊಡ್ಡ ರಾಸಿಗೆ ದಿನಕ್ಕೆ 80 ರೂಪಾಯಿ. ಒಂದೇ ಹಸು ಬರದಲ್ಲಿ 80ರದ್ದು, ಉಳಿದಂತೆ 30ರದ್ದು. 350 ಕೆ.ಜಿ. ತೂಗುವ ರಾಸು ದಿನಕ್ಕೆ ಏಳೆಂಟು ಕೆ.ಜಿ. ಒಣಮೇವು ತಿನ್ನುತ್ತದೆ. ಆಳಿನ ಕೂಲಿ, ಔಷಧ, ಕರೆಂಟು ಬಿಟ್ಟು ಹುಲ್ಲಿನ ದರವೊಂದನ್ನೇ ಹಿಡಿದರೂ 30 ರೂಪಾಯಿ ಸಾಲುವುದಿಲ್ಲ. ಉಳಿದದ್ದನ್ನು ಯಾರೋ ದಾನಿ ತುಂಬಬೇಕು, ಇಲ್ಲವೇ ದನ ತನ್ನ ಮೈಯಿಂದ ತುಂಬಬೇಕು.

ಅಡಿಕೆ ಸೀಮೆಯವರು ಇಲ್ಲಿ ಒಂದು ಕೆಲಸ ಮಾಡಬಹುದು. ಉದುರಿದ ಹಾಳೆಯನ್ನು ಒಣಗಿಸಿ, ಯಂತ್ರದಲ್ಲಿ ಸೀಳಿ ಮೇವು ಮಾಡುವುದು ಕರಾವಳಿಯ ಹೈನುಗಾರರಿಗೆ ಹೊಸದಲ್ಲ. ಪೋಷಣೆಯಲ್ಲಿ ಅದು ಭತ್ತದ ಹುಲ್ಲಿಗೆ ಹತ್ತಿರ. ತಟ್ಟೆ ಮಾಡುವವರು ಕೊಂಡು ಉಳಿದ ಹಾಳೆ ತೋಟದಲ್ಲಿಯೇ ಕೊಳೆಯುತ್ತದೆ. ಬೋರ್ಡೊ ದ್ರಾವಣ ಹೊಡೆದ ತೋಟದ ಹಾಳೆಯ ಬಗ್ಗೆ ಎಚ್ಚರ ಬೇಕು, ಕುದುರೆಗೆ ಅದನ್ನು ಹಾಕುವಂತಿಲ್ಲ. ಆದರೆ ದನಕ್ಕೆ, ಹಿಂಡಿ ಬೂಸಾದ ಜೊತೆ, ಬರಗಾಲವನ್ನು ದಾಟಿಸುವಷ್ಟು ಆಧಾರವಾಗುತ್ತದೆ.

ಹಣವಿದ್ದರೂ ಆರೈಕೆ ಕೆಡಬಹುದು. ಜೈಪುರದ ಹಿಂಗೋನಿಯಾ ಗೋಶಾಲೆ ಇದಕ್ಕೆ ಎಲ್ಲರೂ ಹೇಳುವ ಉದಾಹರಣೆ. ನಗರಪಾಲಿಕೆ ನಡೆಸುತ್ತಿದ್ದ, ಸಾವಿರಾರು ದನಗಳಿದ್ದ ಆ ಗೋಶಾಲೆಯಲ್ಲಿ 2016ರ ಮಳೆಗಾಲದಲ್ಲಿ ಕೂಲಿಯವರು ಮುಷ್ಕರ ಹೂಡಿದರು. ಸಗಣಿ ಬಾಚುವವರಿಲ್ಲ, ಮೇವು ಹಾಕುವವರಿಲ್ಲ. ಕೆಸರಿನಲ್ಲಿ ಹೂತು, ಹಸಿದು ಎರಡೇ ವಾರಗಳಲ್ಲಿ ನೂರಾರು ಹಸುಗಳು ಸತ್ತವು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು ಆರು ರಾಜ್ಯಗಳ 54 ಗೋಶಾಲೆಗಳಿಗೆ ಹೋಗಿ ದನಗಳನ್ನೂ ನೆಲವನ್ನೂ ಪರೀಕ್ಷಿಸಿದ್ದಾರೆ. ಅವರು ನೋಡಿದ್ದರಲ್ಲಿ ಭಕ್ತಿಯ ವಿಷಯವೇ ಇಲ್ಲ: ಹಿಂಗಾಲಿನ ಮಂಡಿಯ ಹುಣ್ಣು, ಕುಂಟು, ಮೈಗಂಟಿದ ಸಗಣಿ, ಒಂದು ದನಕ್ಕೆ ಎಷ್ಟು ಜಾಗ, ನೆಲ ಜಾರುತ್ತದೆಯೋ ಇಲ್ಲವೋ. ಗೋಶಾಲೆಗೆ ಹೋದವರು ಇನ್ನು ಮುಂದೆ ಇವನ್ನೇ ನೋಡಲಿ. ಹಿಂಗಾಲಿನ ಮಂಡಿಯ ಕೂದಲು ಉದುರಿ ಚರ್ಮ ದಪ್ಪಗಟ್ಟಿದ್ದರೆ ಆ ದನ ಬರಿಯ ಸಿಮೆಂಟಿನ ಮೇಲೆ ಮಲಗುತ್ತಿದೆ ಎಂದರ್ಥ. ನೀರಿನ ತೊಟ್ಟಿಯೊಳಗೆ ಕೈ ಆಡಿಸಿ. ಪಾಚಿ ಬೆರಳಿಗೆ ಹತ್ತಿದರೆ ತೊಟ್ಟಿ ತೊಳೆದು ವಾರಗಳಾಗಿವೆ. ಹೊಸದಾಗಿ ಬಂದ ಪ್ರಾಣಿಯನ್ನು ಎರಡು ಮೂರು ವಾರ ಬೇರೆ ಇಡುವ ಕೊಟ್ಟಿಗೆ ಇದೆಯೋ ಕೇಳಿ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲೆಲ್ಲ ಹರಡಿದಾಗ ಈ ಒಂದು ಪ್ರಶ್ನೆಯ ಬೆಲೆ ಎಷ್ಟೆಂದು ತಿಳಿಯಿತು.

ಇನ್ನು ಸ್ವಯಂಸೇವಕರು. ಗೋಶಾಲೆಗಳಲ್ಲಿ ಹುಟ್ಟುಹಬ್ಬ, ಮದುವೆ ದಿನದ ನೆನಪು, ಹಿರಿಯರ ತಿಥಿ ಎಂದು ಬಂದು ಅನ್ನ, ಪೊಂಗಲು, ಚಪಾತಿ, ಬೂಂದಿ ತಿನ್ನಿಸುವವರ ಸಾಲೇ ಇರುತ್ತದೆ. ಒಂದೊಂದು ತುತ್ತು ಎಲ್ಲ ಹಸುವಿಗೂ ಸಿಕ್ಕಿದರೆ ಏನೂ ಆಗದು. ಮುಂದೆ ನುಗ್ಗುವ ಎರಡು ಗಟ್ಟಿ ಹಸುಗಳಿಗೆ ಇಡೀ ಪಾತ್ರೆ ಸಿಗುತ್ತದೆ. ಬೆಂದ ಪಿಷ್ಟ ಮೊದಲ ಹೊಟ್ಟೆಯಲ್ಲಿ ಹುಳಿಯಾಗಿ, ಮೆಲುಕು ನಿಂತು, ಒಂದೆರಡು ದಿನದಲ್ಲಿ ದನ ಸಾಯುವುದನ್ನು ಪಶುವೈದ್ಯರು ಪ್ರತಿ ಹಬ್ಬದ ಮರುದಿನ ನೋಡುತ್ತಾರೆ. ಕುದುರೆಗಾದರೆ ಇನ್ನೂ ಕಷ್ಟ, ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಕೆಟ್ಟದ್ದು ಹೋದರೆ ಹೊಟ್ಟೆನೋವಿನಿಂದ ಹೊರಳಿ ಹೊರಳಿ ಕರುಳು ತಿರುಚಿಕೊಳ್ಳುತ್ತದೆ. ಹೀಗಾಗಿ ಒಳ್ಳೆಯ ಆಶ್ರಯಧಾಮದ ಮೊದಲ ಗುರುತು, ಅದು ನಮಗೆ ಬೇಡ ಎನ್ನುತ್ತದೆ: ತಿನ್ನಿಸಬೇಡಿ, ಕೈ ತೊಳೆಯದೆ ಮುಟ್ಟಬೇಡಿ, ಇವತ್ತು ಜಾಗವಿಲ್ಲ, ಇನ್ನೊಂದು ರಾಸು ತರಬೇಡಿ. ಈ ಕೊನೆಯದನ್ನು ಹೇಳುವ ಧೈರ್ಯ ನಮ್ಮ ಸಂಸ್ಥೆಗಳಿಗೆ ಬಹಳ ಕಡಿಮೆ. ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡರೆ ಕರುಣೆ. ಮೊದಲೇ ಒಳಗಿದ್ದವುಗಳ ಪಾಲು ಅಷ್ಟಷ್ಟೇ ಕಡಿಮೆಯಾಗುವುದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಹಾಗಾದರೆ ಬಂದವರು ಏನು ಮಾಡಬೇಕು? ಬೇಸರದ ಕೆಲಸ ಮಾಡಬೇಕು. ತೊಟ್ಟಿ ತೊಳೆಯುವುದು, ಉಣ್ಣಿ ಕೀಳುವುದು, ಅಂಗಳದ ಪ್ಲಾಸ್ಟಿಕ್, ಮೊಳೆ, ತಂತಿ ಹೆಕ್ಕುವುದು (ಕುದುರೆಗೆ ಸಣ್ಣ ಗಾಯದಿಂದಲೂ ಧನುರ್ವಾಯು ಹತ್ತುತ್ತದೆ), ಲಸಿಕೆಯ ದಿನಾಂಕ ಬರೆಯುವುದು, ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಫೋನು ಮಾಡಿ ವಾಹನ ಬರುವವರೆಗೆ ಪ್ರಾಣಿಯ ಪಕ್ಕ ಕೂರುವುದು. ವಾರದ ಗೊತ್ತಾದ ಒಂದೇ ದಿನ, ಗೊತ್ತಾದ ಹೊತ್ತಿಗೆ, ವರ್ಷವಿಡೀ ಬರುವ ಇಬ್ಬರು ಒಂದು ಬಸ್ಸು ಜನಕ್ಕಿಂತ ಹೆಚ್ಚು ಉಪಯೋಗ. ಕಾಲೇಜುಗಳ ಎನ್‌ಎಸ್‌ಎಸ್ ಶಿಬಿರಗಳು ಗಿಡ ನೆಟ್ಟು, ಚರಂಡಿ ಶುಚಿ ಮಾಡಿ ಬರುತ್ತವಲ್ಲ, ಅದೇ ಮಕ್ಕಳಿಗೆ ಟೇಪು ಹಿಡಿದು ತೂಕ ಲೆಕ್ಕ ಹಾಕುವುದನ್ನು ಅರ್ಧ ದಿನದಲ್ಲಿ ಕಲಿಸಬಹುದು.

ಕಾನೂನಿನ ಆಸರೆ ತೆಳು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ, ಒಂದು ಊಟದ ದುಡ್ಡು. 1965ರ ನಿಯಮಗಳಂತೆ ತಾಪಮಾನ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಗಾಡಿಯ ಪ್ರಾಣಿಯನ್ನು ದುಡಿಸುವಂತಿಲ್ಲ. ಏಪ್ರಿಲ್ ತಿಂಗಳ ಚಳ್ಳಕೆರೆ, ಹಿರಿಯೂರಿನಲ್ಲಿ ಇದನ್ನು ಯಾರು ಯಾರಿಗೆ ಹೇಳಬೇಕು? ಹಸಿವು, ಬಾಯಾರಿಕೆ, ನೋವು, ಹೆದರಿಕೆಗಳಿಂದ ಪ್ರಾಣಿಗೆ ಬಿಡುಗಡೆ ಬೇಕು, ತನ್ನ ಸಹಜ ನಡವಳಿಕೆಗೆ ಅವಕಾಶ ಬೇಕು ಎಂಬ ಚಿಂತನೆ 1965ರಲ್ಲಿ ಇಂಗ್ಲೆಂಡಿನ ಬ್ರಾಂಬೆಲ್ ಸಮಿತಿಯ ವರದಿಯಿಂದ ಹೊರಟು, 2014ರಲ್ಲಿ ಜಲ್ಲಿಕಟ್ಟು ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಬಂದಿದೆ. ಹಗ್ಗ ಬಿಚ್ಚದ ಗೋಶಾಲೆಯ ದನಕ್ಕೆ ಅದಿನ್ನೂ ತಲುಪಿಲ್ಲ.

ಕೊನೆಗೆ ಉಳಿಯುವುದು ಯಾರಿಗೂ ಇಷ್ಟವಿಲ್ಲದ ವಿಷಯ. ಲಾರಿಗೆ ಸಿಕ್ಕಿ ಸೊಂಟ ಮುರಿದ ಎತ್ತು, ಕಾಲು ಎರಡಾಗಿ ಮುರಿದ ಕುದುರೆ ಆಶ್ರಯಕ್ಕೆ ಬರುತ್ತವೆ. ಬದುಕಿಸಿಡುವುದೇ ಕ್ರೌರ್ಯ ಎಂದು ಪಶುವೈದ್ಯರು ಪ್ರಮಾಣೀಕರಿಸಿದರೆ ನೋವಿಲ್ಲದ ಸಾವು ಕೊಡಲು 1960ರ ಕಾಯ್ದೆಯ 13ನೇ ಕಲಂ ದಾರಿ ಬಿಟ್ಟಿದೆ. ಕುದುರೆ, ಕತ್ತೆಗಳಲ್ಲಿ ಕಾಣಿಸಿಕೊಂಡು ಮನುಷ್ಯರಿಗೂ ಹತ್ತುವ ಗ್ಲಾಂಡರ್ಸ್ ದೃಢಪಟ್ಟರೆ ಸಾವು ಕೊಡಲೇಬೇಕೆಂಬ ನಿಯಮವೂ ಇದೆ. ಡೊರೊಥಿ ಬ್ರೂಕ್ ಕೈರೋದಲ್ಲಿ ಕೊಂಡ ಯುದ್ಧದ ಕುದುರೆಗಳಲ್ಲಿ ಬಹುಪಾಲನ್ನು ಕೆಲವು ದಿನ ಮೆತ್ತನೆಯ ಹಾಸಿಗೆ, ಹೊಟ್ಟೆ ತುಂಬ ಮೇವು ಕೊಟ್ಟ ಮೇಲೆ ನೋವಿಲ್ಲದೆ ಮುಗಿಸಿದರು. ಬೇರೆ ದಾರಿ ಇರಲಿಲ್ಲ. ನಮ್ಮಲ್ಲಿ ಈ ಮಾತನ್ನು ಗೋಶಾಲೆಯ ಅಂಗಳದಲ್ಲಿ ಎತ್ತುವುದು ಸುಲಭವಲ್ಲ, ಎತ್ತಿದ ಪಶುವೈದ್ಯರ ಗತಿ ಏನಾದೀತು ಎಂಬುದೂ ಗೊತ್ತಿದೆ. ಹಾಗಾಗಿ ಸೊಂಟ ಮುರಿದ ಎತ್ತು ಮಗ್ಗುಲ ಹುಣ್ಣಾಗಿ, ಹುಳು ಬಿದ್ದು ವಾರಗಟ್ಟಲೆ ಮಲಗಿರುತ್ತದೆ. ಎಷ್ಟು ಪ್ರಾಣಿ ಬಂದವು ಎಂಬ ಲೆಕ್ಕ ಗೇಟಿನ ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆದಿರುತ್ತದೆ. ಎಷ್ಟು ಸತ್ತವು, ಯಾವುದರಿಂದ, ಎಷ್ಟು ದಿನ ನರಳಿ ಎಂಬ ಪುಸ್ತಕವನ್ನು ತೋರಿಸಿ ಎಂದು ಮೊದಲ ಭೇಟಿಯಲ್ಲಿಯೇ ಕೇಳುವ ಸ್ವಯಂಸೇವಕರು ಬೇಕು, ಕೇಳಿದವರನ್ನು ಹೊರಗೆ ಕಳಿಸದ ಆಡಳಿತ ಮಂಡಳಿಯೂ ಬೇಕು.